ಭ್ರಮರಾಂಬೆಯ ಕ್ಷೌರದ ಸೋಪು

ಭ್ರಮರಾಂಬೆಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ, ಪಾತ್ರೆ ಉಜ್ಜುತ್ತಿದ್ದಳು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದನ್ನೇ ಮತ್ತೆ ಉಜ್ಜುವಳು. ಕಲ್ಯಾಣದುರ್ಗದ ಅತ್ತೆಮನೆಯಲ್ಲಿ ಆ ವರ್ಷ ಒಂದು ಹಿತ್ತಾಳೆ ಚೊಂಬೂ ಮಂಕಾಗಿರಲಿಲ್ಲ. ಮನೆಗೆಲಸದ ಮುನಿಯಕ್ಕ ಬೆಳಗ್ಗೆ ಬಂದು ಹೊಳೆಯುವ ಸಾಲನ್ನು ನೋಡಿ, "ರಾತ್ರಿ ಯಾರ ಮ್ಯಾಲಮ್ಮ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಪೊರಕೆ ಹಿಡಿಯುತ್ತಿದ್ದಳು.

ಯಾರ ಮೇಲೆ ಅಂತ ಹೇಳುವುದು? ಸ್ವರಾಜ್ಯ ಬಂದಿತ್ತು, ಸಕ್ಕರೆಯ ರೇಷನ್ನು ಮಾತ್ರ ಹೋಗಿರಲಿಲ್ಲ. ಅದರ ಮೇಲೂ ಅವಳಿಗೆ ಸಿಟ್ಟಿತ್ತು. ಬೆಂಗಳೂರಿನ ಹೈಸ್ಕೂಲಿನಲ್ಲಿ ಓದಿದವಳನ್ನು ತಂದು ಈ ಕಲ್ಲುಗುಡ್ಡದ ಬುಡಕ್ಕೆ ಕೊಟ್ಟ ಅಪ್ಪನ ಮೇಲಿತ್ತು. ಒಂದೂವರೆ ವರ್ಷದ ಮಗಳು ಕೆಮ್ಮಿದರೆ ಸಾಕು, ಎದೆಗೆ ಕಿವಿ ಹಚ್ಚಿ ಕೂರುವ ತನ್ನ ಭಯದ ಮೇಲೂ ಇತ್ತು. ಆದರೆ ಪಾತ್ರೆ ಸವೆಯುವಂತೆ ಉಜ್ಜಿಸುತ್ತಿದ್ದ ಸಿಟ್ಟು ಒಂದೇ. ಅದು ಗಂಡನ ಗಡ್ಡದ ಮೇಲಿನದು.

ಅವಳ ಗಂಡ ಮರುಳಸಿದ್ದಪ್ಪ ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಮನೆತನದ ಗಾದಿಯ ಮೇಲೆ ಕೂರುತ್ತಿದ್ದವನು. ಬೆಲ್ಲದ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವಲಿನ ಕೆಳಗೆ ಕೈ ಸೇರಿಸಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಟವಲು ಅಲುಗುವುದಷ್ಟೇ ಕಾಣುತ್ತದೆ. ಮರುಳಸಿದ್ದಪ್ಪನ ಬೆರಳಿನ ಮಾತು ಸೋಮಂದೇಪಲ್ಲಿಯಿಂದ ಗೋರಂಟ್ಲದವರೆಗೆ ಹೆಸರಾಗಿತ್ತು. ಅಂಥವನ ಬಲಗೈಯನ್ನು ಕಡಲೆಕಾಯಿ ಮಿಲ್ಲಿನ ಬೆಲ್ಟು ಎಳೆದುಕೊಂಡಿತು. ಎರಡು ಬೆರಳು ಪೂರಾ ಹೋದವು, ಮೂರನೆಯದು ಅರ್ಧ ಉಳಿಯಿತು.

ಗಾಯ ಮಾಯಿತು. ಕಲ್ಯಾಣದುರ್ಗದ ಮನೆಯಲ್ಲಿ ಸುಧಾರಿಸಿಕೊಳ್ಳಲಿ ಅಂತ ಕರೆತಂದರು. ಮನೆಗೆ ತಲೆಮಾರಿನಿಂದ ಬರುತ್ತಿದ್ದ ಕ್ಷೌರಿಕ ಕದಿರಣ್ಣ ಬಂದು ಜಗುಲಿಯ ಮೇಲೆ ಕೂರಿಸಿ, ಗಡ್ಡಕ್ಕೆ ನೀರು ಹಚ್ಚಿದ. ಕದಿರಣ್ಣನ ಕತ್ತಿಗಿಂತ ನಾಲಿಗೆ ಹರಿತ. ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರೆ ಇನ್ನೂ ಹರಿತ. ಮಡಿಲಲ್ಲಿ ಮುಚ್ಚಿಟ್ಟಿದ್ದ ಆ ಕೈಯನ್ನು ಎತ್ತಿ ಹಿಡಿದು, "ನೋಡ್ರಪ್ಪಾ, ಸಾವ್ಕಾರ್ರು ಇನ್ಮ್ಯಾಕೆ ಟವಲ್ ಕೆಳಗೆ ಏನ್ ಬೆಲೆ ಕಟ್ಟಿದ್ರೂ ಸೋವಿನೇ. ಹೆಚ್ಚಿಗೆ ಹೇಳಾಕೆ ಬೆರಳೆಲ್ಲವೆ?" ಅಂದುಬಿಟ್ಟ. ನಾಲ್ಕೂ ಜನ ನಕ್ಕರು. ಮರುಳಸಿದ್ದಪ್ಪ ಎಡಗೈಯಿಂದ ನೀರಿನ ಬೋಗುಣಿ ಎತ್ತಿ ಅವನ ಹಣೆಗೆ ಬೀಸಿದ. ಅರ್ಧ ಒದ್ದೆಯಾದ ಗಡ್ಡದಲ್ಲೇ ಎದ್ದು ನಡುಮನೆ ಹಿಂದಿನ ಕತ್ತಲೆಕೋಣೆ ಸೇರಿದ.

ಆಮೇಲೆ ಊರಿನ ಯಾವ ಕ್ಷೌರಿಕನೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ನಮ್ಮವನ ಹಣೆ ಒಡೆದ ಮನೆಗೆ ನಾವ್ಯಾಕೆ ಹೋಗೋಣ ಅಂದರು. ಅವರ ಮಾತಿನಲ್ಲೂ ನ್ಯಾಯವಿದೆ ಅನ್ನುವುದು ಭ್ರಮರಾಂಬೆಗೆ ಹೊಳೆದಾಗ ಸಿಟ್ಟು ಎರಡರಷ್ಟಾಯಿತು. ಅತ್ತ ಗಂಡನೂ ಯಾರನ್ನೂ ಕರೆಯಗೊಡಲಿಲ್ಲ. ಗಡ್ಡ ಎದೆಗಿಳಿಯಿತು. ಮಗಳು ಅಪ್ಪನನ್ನು ಕಂಡರೆ ಕಿರುಚಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸುವಳು. ಅವನು ಕೈ ಚಾಚುವುದನ್ನೇ ಬಿಟ್ಟ.

ಇಂಥ ಹೊತ್ತಿನಲ್ಲಿ ಅವನ ಅಣ್ಣ ದೊಡ್ಡಬಸಪ್ಪ, ತನ್ನ ಹೆಂಡತಿಯ ತಮ್ಮ ತೋಟಪ್ಪನನ್ನು ಹಿಂದೂಪುರದ ಗಾದಿಯ ಮೇಲೆ ಕೂರಿಸುವ ಮಾತು ತೆಗೆದ. ಬರುವ ಸೋಮವಾರ ಒಳ್ಳೆಯ ದಿನ, ಅವತ್ತೇ ಕೂರಲಿ ಅಂದ. ಭ್ರಮರಾಂಬೆ ಬಾಗಿಲ ಮರೆಯಲ್ಲಿ ನಿಂತಿದ್ದವಳು ತಡೆಯಲಾರದೆ, "ಭಾವನೋರೇ, ಇವರು ಇನ್ನೂ ಬದುಕಿದ್ದಾರೆ" ಅಂದಳು.

ದೊಡ್ಡಬಸಪ್ಪನಿಗೆ ಕೋಪ ಬರಲಿಲ್ಲ. ಅದೇ ಅವನ ಜಾಣತನ. ಕೋಣೆಗೆ ಕೇಳಿಸುವಂತೆ ದೊಡ್ಡ ದನಿಯಲ್ಲಿ ಹೇಳಿದ: "ನಾನ್ ಬ್ಯಾಡ ಅಂದ್ನೇನಮ್ಮ? ಗಾದಿ ಅವನ್ದೇ. ಸಾವಿನ ಮನೆ ಮುಖ ಹೊತ್ಕಂಡು ಕೂತ್ರೆ ಗಿರಾಕಿ ಬತ್ತಾನಾ? ಗಡ್ಡ ತಗ್ದು ಬರ್ಲಿ. ಸೋಮವಾರ ಮೊದಲ್ನೇ ಬಸ್ಸಿಗೆ ನನ್ ಪಕ್ಕದಾಗೆ ಕೂತ್ಕಳ್ಲಿ. ತೋಟಪ್ಪನ್ನ ನಾನೇ ವಾಪಸ್ ಕಳಿಸ್ತೀನಿ."

ಕ್ಷೌರಿಕರು ಬರುವುದಿಲ್ಲ ಅನ್ನುವುದು ಗೊತ್ತಿದ್ದೇ ಹೇಳಿದ ಮಾತು. ಅವತ್ತು ರಾತ್ರಿ ಅವಳು ಇಡ್ಲಿ ಪಾತ್ರೆ ಉಜ್ಜಿದಳು. ಉಜ್ಜುತ್ತಾ ಉಜ್ಜುತ್ತಾ ನಿರ್ಧಾರ ಮಾಡಿದಳು: ಇವರೇ ಕಲಿಯಲಿ. ಎಡಗೈ ಇದೆಯಲ್ಲ.

ಮಗಳ ಕೆಮ್ಮಿಗೆ ಡಾಕ್ಟರಿಗೆ ತೋರಿಸುವ ನೆಪದಲ್ಲಿ ಮುನಿಯಕ್ಕನನ್ನು ಜೊತೆ ಮಾಡಿಕೊಂಡು ಹಿಂದೂಪುರಕ್ಕೆ ಹೋದಳು. ನೆಪ ಅಂದರೂ ಡಾಕ್ಟರ ಬಳಿ ಮೂರು ಸಲ, "ನಿಜವಾಗಿ ಎದೆಯಲ್ಲಿ ಕಫ ಇಲ್ಲ ತಾನೆ?" ಅಂತ ಕೇಳಿಯೇ ಎದ್ದಳು. ಆಮೇಲೆ ಬಜಾರಿನಲ್ಲಿ ಚೆನ್ನಕೇಶವ ಶೆಟ್ಟಿಯ ಅಂಗಡಿ. ಸೇಫ್ಟಿ ರೇಜರು, ಬ್ಲೇಡು, ಬ್ರಷ್ಷು ಬೇಗ ಸಿಕ್ಕವು. ತಕರಾರು ಬಂದದ್ದು ಸೋಪಿನಲ್ಲಿ.

"ಎವರಿಕಮ್ಮಾ?" ಯಾರಿಗೆ ಅಂತ ಶೆಟ್ಟಿ ತೆಲುಗಿನಲ್ಲಿ ಕೇಳಿದ.

"ಗಡ್ಡ ಇರೋರಿಗೆ."

ಅಂಗಡಿಯ ಮುಂದೆ ಬೀಡಿ ಸೇದುತ್ತಾ ನಿಂತಿದ್ದ ಗಂಗುಲಪ್ಪ ಅನ್ನುವ ಗಾಡಿಯವನು ಅವಳ ಕಂಕುಳ ಮಗುವನ್ನು ನೋಡಿ, "ಈ ಕೂಸಿಗೇ ಇರ್ಬೇಕು ಕಣಣ್ಣ. ಇವಾಗ್ಲೇ ತಂದಿಕ್ಕಿದ್ರೆ ಮುಂದಕ್ಕಾಯ್ತದೆ" ಅಂದ.

"ಇದು ಹೆಣ್ಣು ಕೂಸು. ಕಣ್ಣು ಕಾಣಿಸಲ್ವಾ? ಡಾಕ್ಟರ ಮನೆ ಅಲ್ಲೇ ಇದೆ, ತೋರಿಸ್ಕೊಳ್ಳಿ" ಅಂದಳು ಭ್ರಮರಾಂಬೆ. ಮುನಿಯಕ್ಕ ಕಿಸಕ್ಕನೆ ನಕ್ಕಳು. ಗಂಗುಲಪ್ಪ ಬೀಡಿ ಎಸೆದು ಗಾಡಿ ಹತ್ತಿರ ಹೋದ.

"ಕಲಿಯೋರಿಗೆ ಬೇಕು," ಅವಳು ಶೆಟ್ಟಿಗೆ ಹೇಳಿದಳು. "ಹೆಚ್ಚು ತಿಕ್ಕದೆ ನೊರೆ ಬರಬೇಕು. ನೊರೆ ದಪ್ಪ ಇರಬೇಕು, ಬೇಗ ಆರಬಾರದು. ಕೈ ಪಳಗದವರು ನಿಧಾನ ಮಾಡ್ತಾರೆ, ಅಷ್ಟರಲ್ಲಿ ಒಣಗಿದರೆ ಚರ್ಮ ಕಿತ್ತು ಬರುತ್ತೆ." ಬೆಂಗಳೂರಿನಲ್ಲಿ ಅವಳ ಅಣ್ಣ ಕಾಲೇಜು ಸೇರಿದ ವರ್ಷ ಕನ್ನಡಿಯ ಮುಂದೆ ಪಟ್ಟ ಪಾಡು ಅವಳಿಗೆ ನೆನಪಿತ್ತು. ನೊರೆಯಿದ್ದ ಕಡೆ ಕೂದಲು ನೆಟ್ಟಗೆ ನಿಂತು ಬ್ಲೇಡಿಗೆ ಸಿಗುತ್ತಿತ್ತು. ಎಲ್ಲಿ ಎಳೆದಾಯಿತು, ಎಲ್ಲಿ ಬಾಕಿ ಅನ್ನುವುದನ್ನೂ ನೊರೆಯೇ ತೋರಿಸಿಕೊಡುತ್ತಿತ್ತು.

ಶೆಟ್ಟಿ ಮೂರು ಬಗೆ ಮುಂದಿಟ್ಟ. ಕಡ್ಡಿಯಂಥ ಸೋಪು, ಅದನ್ನು ಒದ್ದೆ ಕೆನ್ನೆಗೆ ಉಜ್ಜಿ ಆಮೇಲೆ ಬ್ರಷ್ಷು ಆಡಿಸಬೇಕು. ಅಂದರೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಬೇಕು, ಒಂದೇ ಕೈಯವನಿಗೆ ಅಷ್ಟರಲ್ಲಿ ಕೆನ್ನೆ ಒಣಗುತ್ತದೆ. ಎರಡನೆಯದು ಟ್ಯೂಬು. ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ ಇತ್ತು, ಬ್ರಷ್ಷು ಮುಟ್ಟಿಸಿದರೆ ಸಾಕು ಉಬ್ಬುತ್ತಿತ್ತು. ಅವಳಿಗೆ ಮನಸ್ಸೂ ಬಂತು. ಆದರೆ ಮಗಳು ಆಗಲೇ ಅದಕ್ಕೆ ಕೈ ಚಾಚುತ್ತಿದ್ದಳು. ಇವಳು ಒಂದು ದಿನ ಅದನ್ನು ಹಿಂಡಿ ಬಾಯಿಗಿಟ್ಟುಕೊಂಡರೆ? ಅಲ್ಲಿಗೆ ಟ್ಯೂಬಿನ ಕತೆ ಮುಗಿಯಿತು. ಮೂರನೆಯದು ಮರದ ಬಟ್ಟಲಲ್ಲಿ ಕೂತ ದುಂಡು ಬಿಲ್ಲೆ. ಬಟ್ಟಲನ್ನು ನೆಲದ ಮೇಲಿಟ್ಟು ಒಂದೇ ಕೈಯಲ್ಲಿ ಬ್ರಷ್ಷು ತಿರುಗಿಸಬಹುದು. ಶೆಟ್ಟಿ ಅಂಗಡಿಯ ಚೊಂಬಿನಿಂದ ನೀರು ಚಿಮುಕಿಸಿ ತಿರುಗಿಸಿ ತೋರಿಸಿದ. ಒಂದು ಮಾತು ಆಡಿ ಮುಗಿಸುವುದರೊಳಗೆ ನೊರೆ ಬಟ್ಟಲು ತುಂಬಿ ಅಂಚಿಗೆ ಬಂತು.

"ಚೂಡಮ್ಮಾ, ಎಂತ ಬಾಗುಂದೋ! ಎಷ್ಟು ಚೆನ್ನಾಗೈತೆ ನೋಡಿ. ಚಿಕ್ಕ ಹುಡುಗನೂ ಬರಿಸ್ಕೋಬೋದು."

ಬಿಲ್ಲೆಯೇ ಗೆದ್ದಿತು. ಬಸ್ಸಿನಲ್ಲಿ ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಮರುಳಸಿದ್ದಪ್ಪನನ್ನು ಒಪ್ಪಿಸಲು ಒಂದು ಜಗಳವೇ ಬೇಕಾಯಿತು. ಕಡೆಗೆ ಅವನು ಎದ್ದದ್ದು ಅವಳ ಬಾಯಿ ಮುಚ್ಚಿಸುವುದಕ್ಕಷ್ಟೇ. ಹಿತ್ತಿಲಲ್ಲಿ ಮಣೆ ಹಾಕಿದಳು, ಕನ್ನಡಿಯನ್ನು ಗೋಡೆಗೆ ಒರಗಿಸಿದಳು. ಗಡ್ಡವನ್ನು ಮೊದಲು ಕತ್ತರಿಯಿಂದ ಮೋಟು ಮಾಡಿದಳು. ಹಿತ್ತಿಲ ಬಾವಿಯ ನೀರು ಸೇದಿ ಬಿಸಿ ಮಾಡಿ ತಂದಿಟ್ಟಳು.

"ನೀನು ಆ ಕಡೆ ಹೋಗು. ನಾನೇ ಮಾಡ್ಕೋತೀನಿ" ಅಂದ.

ಅವಳು ಬಾಗಿಲ ಹಿಂದೆ ನಿಂತಳು. ಬ್ರಷ್ಷು ತಿರುಗಿತು. ತಿರುಗುತ್ತಲೇ ಇತ್ತು. ಬಟ್ಟಲಲ್ಲಿ ನೊರೆಯ ಬದಲು ಒಡೆದ ಹಾಲಿನಂಥ ಬಿಳಿ ಚೂರುಗಳು ತೇಲಿದವು. ಇನ್ನಷ್ಟು ನೀರು ಹಾಕಿದ, ಇನ್ನಷ್ಟು ಚೂರಾಯಿತು. ಅದನ್ನೇ ಕೆನ್ನೆಗೆ ಬಳಿದು ರೇಜರು ಎಳೆದ. ಎಡಗೈ ಅಡ್ಡ ಹೋಯಿತು. ಕಿವಿಯ ಕೆಳಗಿಂದ ರಕ್ತ ಕುತ್ತಿಗೆಗೆ ಇಳಿಯಿತು. ಅದೇ ಹೊತ್ತಿಗೆ ಮಗಳು ತಾಯಿಯ ಕಾಲ ಸಂದಿಯಿಂದ ಇಣುಕಿ ನೋಡಿ ಚಿಟ್ಟನೆ ಚೀರಿದಳು.

"ಇದೇನು ಸೋಪೋ ಸುಣ್ಣವೋ?" ಬಟ್ಟಲು ಗೋಡೆಗೆ ಬಡಿದು ಉರುಳಿತು. "ಬೆರಳಿಲ್ಲದೋನಿಗೆ ಆಟ ಕಲಿಸ್ತೀಯಾ? ನೀನೂ ನಗು, ಕದಿರಣ್ಣನ ಜೊತೆ ನಿಂತು ನಗು!" ಅಂದವನೇ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಭ್ರಮರಾಂಬೆ ಶೆಟ್ಟಿಯನ್ನು ಶಪಿಸಿದಳು. ತೋರಿಸುವಾಗ ಒಂದು, ಕಟ್ಟಿಕೊಟ್ಟಿದ್ದು ಇನ್ನೊಂದು, ಹೆಂಗಸು ಅಂತ ಮೋಸ ಮಾಡಿದ. ಅಂಗಡಿಗೆ ಹೋಗಿ ಈ ಬಿಲ್ಲೆಯನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕದಿದ್ದರೆ ತನ್ನ ಹೆಸರು ಭ್ರಮರಾಂಬೆಯೇ ಅಲ್ಲ. ಆದರೆ ಹೋಗುವುದಕ್ಕೆ ದಿನಗಳೆಲ್ಲಿದ್ದವು? ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಸೋಮವಾರ ಶಿವನ ವಾರ. ಆ ಮನೆಯಲ್ಲಿ ಸೋಮವಾರ ಮುಖಕ್ಕೆ ಕತ್ತಿ ತಾಕಿಸುವವರಿಲ್ಲ. ಭಾನುವಾರವೂ ದೀಪ ಹಚ್ಚಿದ ಮೇಲೆ ಇಲ್ಲ. ದೊಡ್ಡಬಸಪ್ಪ ದಿನ ನೋಡಿದ್ದು ಪಂಚಾಂಗದಲ್ಲಿ ಮಾತ್ರ ಅಲ್ಲ ಅನ್ನುವುದು ಅವಳಿಗೆ ಆಗ ಅರ್ಥವಾಯಿತು.

ಭಾನುವಾರ ಮಧ್ಯಾಹ್ನ ತೋಟಪ್ಪ ಬಂದಿಳಿದ. ಹೊಸ ಜುಬ್ಬಾ, ನುಣ್ಣನೆಯ ಕೆನ್ನೆ. ಮಾತಿನಲ್ಲಿ ಕೆಟ್ಟವನಲ್ಲ, ಅದಕ್ಕೇ ಅವನನ್ನು ಕಂಡರೆ ಇನ್ನಷ್ಟು ಸಿಟ್ಟು. ಊಟಕ್ಕೆ ಕೂತವನು ಸಾರು ಕಲಸುತ್ತಾ ನಗೆಯಾಡಿದ: "ಅಲ್ಲ ಅಕ್ಕಯ್ಯ, ಬೆಳಗ್ಗಿಂದ ಒಲೆ ಮೇಲಿಟ್ರೂ ಬೇಳೆ ಬೇಳೆಯಾಗೇ ಐತಲ್ಲ! ಹಿಂದೂಪುರದಾಗೆ ಎರಡು ಕುದಿ ಬಂದ್ರೆ ಕರಗಿ ಹೋಯ್ತದೆ. ಈ ಸವುಳು ನೀರಾಗೆ ಕಲ್ಲು ಬೇಯಿಸ್ದಂಗೆ ಕಣಮ್ಮ."

ಬಡಿಸುತ್ತಿದ್ದ ಭ್ರಮರಾಂಬೆಯ ಸೌಟು ಅಲ್ಲೇ ನಿಂತಿತು.

ನೀರು. ಸೋಪಲ್ಲ, ನೀರು. ಹೈಸ್ಕೂಲಿನಲ್ಲಿ ಮೇಡಮ್ಮು ಎರಡು ಗಾಜಿನ ಕೊಳವೆ ಕುಲುಕಿ ತೋರಿಸಿದ್ದರು: ಒಂದರಲ್ಲಿ ಮಳೆನೀರು, ಸೋಪಿನ ನೊರೆ ಉಕ್ಕಿತ್ತು; ಒಂದರಲ್ಲಿ ಸುಣ್ಣದಂಶದ ನೀರು, ಬರೀ ಬಿಳಿ ಚೂರು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದು, ಪುಟಗಟ್ಟಲೆ ಬರೆದು, ಮೇಡಮ್ಮಿನಿಂದ ಹೊಗಳಿಸಿಕೊಂಡಿದ್ದಳು. ಮದುವೆಯಾದಾಗಿನಿಂದ ಇದೇ ನೀರಲ್ಲಿ ಬೇಳೆ ಬೇಯಿಸುತ್ತಾ, ಮಗಳ ಬಟ್ಟೆ ಒಗೆಯುತ್ತಾ ಇದ್ದರೂ ತಲೆಗೆ ಹತ್ತಲಿಲ್ಲವಲ್ಲ! ಹಣೆ ಚಚ್ಚಿಕೊಳ್ಳುವಷ್ಟು ಕೋಪ ಬಂತು. ಅದು ಹೊಳೆದದ್ದು ತೋಟಪ್ಪನ ಬಾಯಿಂದ ಅನ್ನುವುದಕ್ಕೆ ಇನ್ನೊಂದಿಷ್ಟು.

"ಇನ್ನೂ ಸ್ವಲ್ಪ ಸಾರು ಹಾಕಿಸ್ಕೊಳ್ಳಿ," ಅಂತ ಅವನ ಎಲೆ ತುಂಬ ಸುರಿದು ಒಳಗೆ ಓಡಿದಳು.

ಸೀನೀರಿನ ಬಾವಿ ಇದ್ದದ್ದು ಗುಡ್ಡದ ಆಚೆ. ಹೋಗಿ ಬರುವುದರೊಳಗೆ ಹೊತ್ತು ಮುಳುಗುತ್ತದೆ. ಮನೆಯಲ್ಲಿದ್ದ ಸೀನೀರು ಒಂದೇ ಒಂದು ತಾಮ್ರದ ಕೊಡ. ಅತ್ತೆ ಗುರುಶಾಂತಮ್ಮ ದಿನಾ ಬೆಳಗಿನ ಜಾವ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ನಡೆದು ತಾನೇ ಹೊತ್ತು ತರುವ ಪೂಜೆಯ ನೀರು. ಎರಡು ಹೊತ್ತೂ ಲಿಂಗಪೂಜೆಗೆ ಅದೇ ಆಗಬೇಕು. ಪೂಜೆಯಾಗದೆ ಆಕೆ ತುತ್ತು ಎತ್ತುವುದಿಲ್ಲ. ಬೇರೆಯವರ ಕೈ ತಾಕಿದರೆ ಕೊಡವನ್ನೇ ಚೆಲ್ಲಿ ಮತ್ತೆ ಹೋಗುತ್ತಾಳೆ.

ಆ ಹೊತ್ತಿಗೆ ಗುರುಶಾಂತಮ್ಮ ಮಠಕ್ಕೆ ಹೋಗಿದ್ದಳು. ಭ್ರಮರಾಂಬೆ ಒಂದು ಗಳಿಗೆ ಕೊಡದ ಮುಂದೆ ನಿಂತಳು. ಆಮೇಲೆ ಚೊಂಬನ್ನು ಒಳಗೆ ಅದ್ದಿದಳು.

ಕೋಣೆಯ ಬಾಗಿಲನ್ನು ಅಂಗೈಯಿಂದ ಬಡಿದಳು. "ಬಾಗಿಲು ತೆಗೀರಿ. ತೆಗೆಯದಿದ್ದರೆ ತೋಟಪ್ಪನವರ ಎದುರಿಗೇ ಕೂಗಿ ಹೇಳ್ತೀನಿ, ಇವರಿಗೆ ಹೋದದ್ದು ಬೆರಳಲ್ಲ ಅಂತ."

ಬಾಗಿಲು ತೆರೆಯಿತು. ಅವನ ಕಣ್ಣು ಕೆಂಡವಾಗಿತ್ತು. ಅವಳದ್ದೂ. ಅವಳು ಬಟ್ಟಲನ್ನು ಅವನ ಮುಂದೆ ಹಿಡಿದು ಬ್ರಷ್ಷು ತಿರುಗಿಸಿದಳು. ನೊರೆ ಎದ್ದಿತು. ಹಿಂದೂಪುರದಲ್ಲಿ ಎದ್ದ ಹಾಗೆಯೇ, ದಪ್ಪಗೆ, ಬೆಳ್ಳಗೆ, ಅಂಚು ದಾಟಿ ಅವಳ ಬೆರಳ ಮೇಲೆ ಬಂತು.

ಮರುಳಸಿದ್ದಪ್ಪ ಅದನ್ನೇ ನೋಡಿದ. "ಯಾವ ನೀರು?"

"ಕೇಳಬೇಡಿ. ಬನ್ನಿ."

ಹಿತ್ತಿಲಲ್ಲಿ ಬಿಸಿಲು ಇಳಿಯುತ್ತಿತ್ತು. ಅವಳೇ ನೊರೆ ಹಚ್ಚಿದಳು. ರೇಜರು ಅವನ ಎಡಗೈಯಲ್ಲಿತ್ತು. ಅವನು ಎಳೆದ, ನಿಲ್ಲಿಸಿದ, ತೊಳೆದ, ಮತ್ತೆ ಎಳೆದ. ನೊರೆಯಲ್ಲಿ ಒಂದು ಹಾದಿ ಬಿಟ್ಟುಕೊಂಡಿತು. ಒಳಗಿಂದ ಏಳು ತಿಂಗಳ ಕೆಳಗಿನ ಕೆನ್ನೆ ಕಂಡಿತು. ಬಲಗೆನ್ನೆ ಮುಗಿಯಿತು. ಗಲ್ಲದ ಹತ್ತಿರ ಬ್ಲೇಡು ಕಚ್ಚಿತು. ಅವನು ಹಲ್ಲು ಕಚ್ಚಿ ಬೈದ, ಅವಳು ರಕ್ತ ನಿಲ್ಲಲು ಪಟಿಕ ಒತ್ತಿದಳು. ಎಡಗೆನ್ನೆಗೆ ನೊರೆ ಸಾಲದು, ಚೊಂಬು ಬರಿದಾಗಿತ್ತು.

ಅಷ್ಟರಲ್ಲಿ ಒಳಗಿನಿಂದ ಕೂಗು ಕೇಳಿತು: "ಯಾವಳೇ ಅವಳು, ನನ್ ಪೂಜೆ ಕೊಡ ಮುಟ್ಟಿದ್ದು!"

ಗುರುಶಾಂತಮ್ಮ ಕೊಡವನ್ನು ಸೊಂಟಕ್ಕಿಟ್ಟುಕೊಂಡೇ ಹಿತ್ತಿಲಿಗೆ ಬಂದಳು. "ಮುನಿಯಕ್ಕನಾ? ಕೈ ಮುರೀತೀನಿ..." ಅಂದವಳು ಅಲ್ಲೇ ನಿಂತಳು.

"ನಾನು ಅತ್ತೆ," ಭ್ರಮರಾಂಬೆ ಅಂದಳು. "ಬೈಯೋದಿದ್ದರೆ ಆಮೇಲೆ ಬೈರಿ. ಇವರ ಕೈ ನಡುಗಿಸಬೇಡಿ."

"ಶಿವನಿಗೆ ತಂದ ನೀರು ಕಣೇ ಅದು! ಗಡ್ಡಕ್ಕೆ ಹಾಕ್ದಾ? ಇಸ್ಕೂಲಾಗೆ ಇದೇನಾ ಕಲ್ತಿದ್ದು? ಇವತ್ತು ಸಂಜೆ ಪೂಜೆ ಎಲ್ಲೈತೆ ನನಗೆ? ಊಟ ಎಲ್ಲೈತೆ?"

"ನಾನೂ ಉಣ್ಣಲ್ಲ."

"ನೀನು ಉಣ್ಣು, ಬಿಡು, ನನಗೇನಾಗ್ಬೇಕು!"

ಮಗನ ಮುಖ ಆಕೆಯ ಕಡೆ ತಿರುಗಿತು. ಅರ್ಧ ಬೋಳು, ಅರ್ಧ ಕಾಡು. ಬೋಳು ಕೆನ್ನೆಯಲ್ಲಿ ರಕ್ತದ ಒಂದು ಹನಿ. ಗುರುಶಾಂತಮ್ಮ ಬಹಳ ಹೊತ್ತು ನೋಡಿದಳು. ಆದರೆ ಬಾಯಿಂದ ಬಂದದ್ದು ಬೈಗುಳವೇ.

"ನೋಡ್ಕಂತ ಕೂತಿದ್ದೀಯೇನ್ಲಾ ಸಿದ್ದ? ಕೆಟ್ಟಿದ್ದು ಕೆಟ್ಟೋಯ್ತು, ಆ ನೀರು ಇನ್ನು ನನ್ ಶಿವನಿಗೆ ಬರಾಕಿಲ್ಲ. ಮುಗಿಸ್ಲಾ. ದೀಪದ ಹೊತ್ತಾಯ್ತು." ಕೊಡವನ್ನು ಸೊಸೆಯ ಮುಂದೆ ದಢಕ್ಕನೆ ಕುಕ್ಕಿದಳು. "ಹುಯ್ಕೋ. ಎಲ್ಲಾ ಹುಯ್ಕೋ. ಅರ್ಧ ಮುಖ ತಕ್ಕಂಡು ಹೋದ್ರೆ ದೊಡ್ಡೋನು ನಗಾಡ್ತಾನೆ."

ದೀಪ ಹಚ್ಚುವುದರೊಳಗೆ ಮುಗಿಯಿತು.

ಸೋಮವಾರ ಬೆಳಗ್ಗೆ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ದೊಡ್ಡಬಸಪ್ಪ ತೋಟಪ್ಪನ ಟ್ರಂಕನ್ನು ಮೇಲೆ ಹಾಕಿಸುತ್ತಿದ್ದ. ಗಲ್ಲದ ಮೇಲೆ ಕಾಗದದ ಎರಡು ಚೂರು ಅಂಟಿಸಿಕೊಂಡು, ಒಗೆದ ಪಂಚೆ ಉಟ್ಟು ಬಂದ ತಮ್ಮನನ್ನು ನೋಡಿ ಅವನ ಕೈ ಹಗ್ಗದ ಮೇಲೆಯೇ ನಿಂತಿತು. ಭ್ರಮರಾಂಬೆ ಮಗಳನ್ನೆತ್ತಿಕೊಂಡು ಎರಡು ಮಾರು ಹಿಂದೆ ನಿಂತಳು. ಮಗಳು ಈ ಹೊಸ ಮುಖವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು, ಅಳಲಿಲ್ಲ.

"ಗಡ್ಡ ಹೋಯ್ತು, ಸರಿ," ದೊಡ್ಡಬಸಪ್ಪ ದನಿ ತಗ್ಗಿಸಿ ಅಂದ. "ಟವಲ್ ಕೆಳಗೆ ಏನ್ಲಾ ಮಾಡ್ತೀಯ? ಅಲ್ಲಿಗೆ ಹೋಗಿ ನಮ್ ಮಾನ ಕಳೀಬ್ಯಾಡ."

ಮರುಳಸಿದ್ದಪ್ಪ ಅಣ್ಣನ ಹೆಗಲ ಮೇಲಿನ ಟವಲನ್ನೇ ಎಳೆದುಕೊಂಡು ಇಬ್ಬರ ನಡುವೆ ಹರಡಿ, ಕೆಳಗೆ ಎಡಗೈ ತೂರಿಸಿ ಅಣ್ಣನ ಬೆರಳುಗಳನ್ನು ಹಿಡಿದ. ಟವಲು ಅಲುಗಿತು. ನಿಂತಿತು. ಮತ್ತೆ ಅಲುಗಿತು. ಏನು ಹೇಳಿದನೋ ಸುತ್ತಲಿನವರಿಗೆ ತಿಳಿಯಲಿಲ್ಲ, ಹೆಂಡತಿಗೂ ತಿಳಿಯಲಿಲ್ಲ. ದೊಡ್ಡಬಸಪ್ಪನಿಗೆ ಮಾತ್ರ ಎಡಗೈಯ ಮಾತು ತಪ್ಪಿಲ್ಲದೆ ತಿಳಿಯಿತು, ಮುಖ ಕಪ್ಪಿಟ್ಟಿತು. ಕೈ ಕಿತ್ತುಕೊಂಡು, "ತೋಟಪ್ಪ, ಟ್ರಂಕ್ ಇಳಿಸ್ಕೋ" ಅಂದ.

"ಬತ್ತೀನಿ" ಅಂತ ಮರುಳಸಿದ್ದಪ್ಪ ಹೆಂಡತಿಯ ಕಡೆ ಒಂದು ಸಲ ನೋಡಿ ಬಸ್ಸು ಹತ್ತಿದ. ಬಲಗೈಯಿಂದ, ಇದ್ದ ಎರಡೂವರೆ ಬೆರಳಿನಿಂದಲೇ ಕಂಬಿ ಹಿಡಿದ.

ಮನೆಯಲ್ಲಿ ಅತ್ತೆ ನಿನ್ನೆ ಮಧ್ಯಾಹ್ನದಿಂದ ಉಪವಾಸ ಗೋಡೆಗೊರಗಿ ಕೂತಿದ್ದಳು. ಹಟಕ್ಕೆ ಬಾವಿಗೂ ಹೋಗಿರಲಿಲ್ಲ. ಭ್ರಮರಾಂಬೆ ಮಗಳನ್ನು ಮುನಿಯಕ್ಕನ ಕೈಗಿಟ್ಟು, ಕೆಮ್ಮಿದರೆ ಜೇನುತುಪ್ಪ ನೆಕ್ಕಿಸು, ಬಾಗಿಲ ಗಾಳಿಗೆ ಬಿಡಬೇಡ, ಮರದ ಬಟ್ಟಲು ಕೈಗೆ ಸಿಗದ ಹಾಗೆ ನೋಡಿಕೋ ಅಂತ ಎರಡೆರಡು ಸಲ ಹೇಳಿದಳು. ಆಮೇಲೆ ತಲೆಗೆ ನೀರು ಹುಯ್ದುಕೊಂಡು, ಒದ್ದೆ ಸೀರೆಯಲ್ಲಿ ತಾಮ್ರದ ಕೊಡ ಎತ್ತಿಕೊಂಡಳು.

"ನೀನು ತಂದ ನೀರು ನನ್ ಪೂಜೆಗಾಯ್ತದೆ ಅಂತ ಯಾವೋಳು ಹೇಳಿದ್ಲು?" ಒಳಗಿಂದ ಅತ್ತೆ ಕೇಳಿದಳು.

"ಆಗದಿದ್ದರೆ ಚೆಲ್ಲಿ. ಮತ್ತೆ ತರ್ತೀನಿ."

ಭ್ರಮರಾಂಬೆ ಹೊಸಲು ದಾಟಿದ ಮೇಲೆ ಅತ್ತೆಯ ದನಿ ಬೆನ್ನಟ್ಟಿ ಬಂತು: "ಬಾವಿ ಮೆಟ್ಟಲು ಪಾಚಿ ಕಟ್ಟಿರ್ತದೆ, ನೋಡ್ಕಂಡು ಇಳಿಯೇ ಮೂದೇವಿ!"

ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅವಳು ಗುಡ್ಡದ ಕಡೆ ಬಿರಬಿರನೆ ನಡೆದಳು. ಈಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅನ್ನುವುದು ಅವಳಿಗೆ ತಕ್ಷಣಕ್ಕೆ ಹೊಳೆಯಲಿಲ್ಲ. ಅಂಗಡಿಯ ಮುಂದೆ ತಮಾಷೆ ಮಾಡಿದ್ದ ಆ ಗಾಡಿಯ ಗಂಗುಲಪ್ಪ ನೆನಪಾದ. ಸದ್ಯಕ್ಕೆ ಅವನು ಸಾಕಾಗಿತ್ತು.